ದೂರಕಿರಣದ ಪ್ರಥಮ ರೋಗಿ

ಬನಶಂಕರಿಯ ದಯಾಬಿಂದು ಧರ್ಮಾರ್ಥ ಆಸ್ಪತ್ರೆಯ ನಿಯಮಾವಳಿಯ ಪ್ರಕಾರ, ಉದ್ಘಾಟನೆಯಾಗದ ಯಾವ ವಸ್ತುವೂ ಆಸ್ಪತ್ರೆಯಲ್ಲಿ ಅಸ್ತಿತ್ವದಲ್ಲಿಲ್ಲ. ಈ ನಿಯಮದಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಹೊಸ ಲಿಫ್ಟು ಅಸ್ತಿತ್ವಕ್ಕೆ ಬರುವ ತನಕ ಜನ ಅದರ ಪಕ್ಕದ ಮೆಟ್ಟಿಲು ಹತ್ತಿದರು. ಕುಡಿಯುವ ನೀರಿನ ಯಂತ್ರ ಅಸ್ತಿತ್ವಕ್ಕೆ ಬರುವ ತನಕ ಅದಕ್ಕೇ ಒರಗಿ ನಿಂತು ಮನೆಯಿಂದ ತಂದ ನೀರು ಕುಡಿದರು. ಉತ್ತರಹಳ್ಳಿಯ ತಿಮ್ಮರಾಯಪ್ಪನವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡ ಮೇಲೆಯೇ ನಿಯಮಕ್ಕೂ ಮನುಷ್ಯನ ದೇಹಕ್ಕೂ ಒಂದು ಸಣ್ಣ ಭಿನ್ನಾಭಿಪ್ರಾಯ ಶುರುವಾದದ್ದು. ಗಡ್ಡೆಯನ್ನು ಯಾರೂ ಉದ್ಘಾಟಿಸಿರಲಿಲ್ಲ. ಆದರೂ ಅದು ಅಸ್ತಿತ್ವದಲ್ಲಿತ್ತು.

ತಿಮ್ಮರಾಯಪ್ಪನವರದು ದೊಡ್ಡ ಗಂಟಲು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾಗಿ, ಉಳಿದ ತುಂಡಿನ ಮೇಲೆ ಮೂರಂತಸ್ತಿನ ಬಾಡಿಗೆ ಮನೆಗಳೆದ್ದ ಮೇಲೂ ಅವರು ಹೊಲದಲ್ಲಿ ಮಾತಾಡುವ ಹಾಗೆಯೇ ಮಾತಾಡುತ್ತಿದ್ದರು. ಗೇಟಿನಲ್ಲಿ ನಿಂತು "ಯಾರಪ್ಪಾ ಅದು ನೀರು ಬಿಟ್ಟಿರೋದು?" ಅಂದರೆ ಮೇಲಿನ ಮಹಡಿಯ ನಲ್ಲಿ ತಾನಾಗಿ ನಿಂತುಹೋಗುತ್ತದೆ ಎಂಬ ಮಾತಿತ್ತು. ಆ ಗಂಟಲು ಒಂದು ದಿನ ಕರಕರ ಅಂದಿತು. ಮೆಣಸಿನ ಕಷಾಯವಾಯಿತು, ಜ್ಯೇಷ್ಠಮಧುವಾಯಿತು, ಅಕ್ಕಪಕ್ಕದವರು ಹೇಳಿದ್ದೆಲ್ಲ ಆಯಿತು. ಕೊನೆಗೆ ಮೂಗಿನಿಂದ ನಳಿಕೆ ಇಳಿಸಿ ನೋಡಿದ ಡಾಕ್ಟರು, "ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇದೆ. ಶುರುವಿನಲ್ಲೇ ಸಿಕ್ಕಿರೋದು ನಿಮ್ಮ ಪುಣ್ಯ. ಕಿರಣ ಕೊಟ್ಟರೆ ವಾಸಿಯಾಗುತ್ತೆ, ಧ್ವನಿಯೂ ಉಳಿಯುತ್ತೆ. ತಡ ಮಾತ್ರ ಮಾಡಬೇಡಿ" ಎಂದರು.

ತಡ ಮಾಡಬಾರದೆಂದೇ ಅವರು ಹೆಂಡತಿ ಅಂಜನಮ್ಮನವರ ಜೊತೆ ಮನೆಗೆ ಹತ್ತಿರದ ದಯಾಬಿಂದುವಿಗೆ ಬಂದರು. ಅಲ್ಲಿ ಕಿರಣದ ಯಂತ್ರ ಚೆನ್ನಾಗಿಯೇ ಇತ್ತು. ಇಲ್ಲದಿದ್ದದ್ದು ಯೋಜನೆ ಮಾಡುವವರು. ಕಿರಣವನ್ನು ಟಾರ್ಚಿನ ಹಾಗೆ ಸುಮ್ಮನೆ ಬಿಡಲಾಗುವುದಿಲ್ಲವಲ್ಲ. ಯಾವ ಕೋನದಿಂದ, ಎಷ್ಟು, ಪಕ್ಕದ ಯಾವ ಅಂಗಕ್ಕೆ ತಾಗದ ಹಾಗೆ ಎಂದು ಮೊದಲೇ ಲೆಕ್ಕ ಹಾಕಬೇಕು. ಆ ಲೆಕ್ಕ ಬಲ್ಲವರೆಲ್ಲ ಜಯನಗರದ ಆರೋಗ್ಯಶಿಖರ ಆಸ್ಪತ್ರೆಯಲ್ಲಿದ್ದರು. ಅಲ್ಲಿನ ಯಂತ್ರದ ಮುಂದೆ ಮಾತ್ರ ರೇಷನ್ ಅಂಗಡಿಯ ಮುಂದಿರುವಂಥ ಸಾಲು. ಹಾಗಾಗಿ ಎರಡೂ ಆಸ್ಪತ್ರೆಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಬನಶಂಕರಿಯಲ್ಲಿ ತೆಗೆದ ಸ್ಕ್ಯಾನ್ ಚಿತ್ರ ಕ್ಷಣದಲ್ಲಿ ಜಯನಗರಕ್ಕೆ ಹೋಗುವುದು. ಅಲ್ಲಿನ ಡಾಕ್ಟರು ಕಂಪ್ಯೂಟರಿನಲ್ಲಿ ಗೆರೆ ಎಳೆದು, ಲೆಕ್ಕ ಮುಗಿಸಿ ವಾಪಸು ಕಳಿಸುವುದು. ಬನಶಂಕರಿಯ ಯಂತ್ರ ಅದರಂತೆ ಕಿರಣ ಬಿಡುವುದು. ಎರಡು ಆಸ್ಪತ್ರೆಗಳ ನಡುವೆ ದೂರ ಬಹಳವೇನಿರಲಿಲ್ಲ, ಟ್ರಾಫಿಕ್ ಇತ್ತು.

ಈ ವ್ಯವಸ್ಥೆಗೆ ದೂರಕಿರಣ ಯೋಜನೆ ಎಂದು ಹೆಸರಿಟ್ಟರು. ಅದರೊಳಗೆ ರೋಗಿಗೆ ಮಾಡುವ ಲೆಕ್ಕಾಚಾರಕ್ಕೂ ಯೋಜನೆ ಎಂದೇ ಹೆಸರು. "ಯೋಜನೆ ಉದ್ಘಾಟನೆಯಾಗುವ ತನಕ ಯಾವುದೇ ಯೋಜನೆಯನ್ನು ಮಾಡತಕ್ಕದ್ದಲ್ಲ" ಎಂದು ಆಡಳಿತಾಧಿಕಾರಿ ಗುರುಬಸಪ್ಪನವರು ಹೊರಡಿಸಿದ ಸುತ್ತೋಲೆ ಓದಿದವರಿಗೆಲ್ಲ ಅರ್ಥವಾಯಿತು. ಒಬ್ಬೊಬ್ಬರಿಗೆ ಒಂದೊಂದು ಅರ್ಥ.

ಗುರುಬಸಪ್ಪನವರು ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ ಬಂದವರು. ಹಣೆಯಲ್ಲಿ ವಿಭೂತಿ, ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ನಿಯಮ. ಕೆಟ್ಟ ಮನುಷ್ಯರಲ್ಲ. ರೋಗಿಗಳು ಅತ್ತರೆ ಅವರ ಕಣ್ಣಲ್ಲೂ ನೀರು ಬರುತ್ತಿತ್ತು, ಆದರೆ ಸಹಿ ಬರುತ್ತಿರಲಿಲ್ಲ.

"ಅಮ್ಮ, ಗಣ್ಯರ ದಿನಾಂಕ ಸಿಕ್ಕಿಲ್ಲ" ಎಂದರು ಅಂಜನಮ್ಮನವರಿಗೆ.

"ಯಾವ ಗಣ್ಯರು ಸಾರ್?"

"ಅದಿನ್ನೂ ತೀರ್ಮಾನ ಆಗಿಲ್ಲ. ಮೊದಲು ದಿನಾಂಕ ಸಿಗಲಿ."

ಅಂಜನಮ್ಮ ಎರಡು ವಾರ ಬಂದು ಬಂದು ಕೂತರು. ತಿಮ್ಮರಾಯಪ್ಪನವರಿಗೆ ಅಷ್ಟರಲ್ಲಿ ಧ್ವನಿ ಪೂರ್ತಿ ಇಳಿದು, ಹೆಂಡತಿಯ ಕಿವಿಗೆ ಬಾಯಿಟ್ಟು ಉಸುರುವ ಸ್ಥಿತಿ ಬಂದಿತ್ತು. ಮೂರನೆಯ ವಾರ ಅಂಜನಮ್ಮ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು.

"ಸಾರ್, ಉದ್ಘಾಟನೆ ಆಗೋವರ್ಗೂ ನಮ್ಮೆಜಮಾನ್ರ ಗಡ್ಡೆ ಏನ್ ಮಾಡ್ಬೇಕು?"

"ಕಾಯಬೇಕಾಗುತ್ತಮ್ಮ."

"ಅದಕ್ಕೆ ಯಾರ್ ಹೇಳ್ತಾರೆ? ನೀವ್ ಹೇಳ್ತೀರಾ, ನಾನ್ ಹೇಳ್ಲಾ?"

ಗುರುಬಸಪ್ಪನವರು ಆಕೆಯ ಪಕ್ಕ ಕೂತಿದ್ದ ತಿಮ್ಮರಾಯಪ್ಪನವರ ಕುತ್ತಿಗೆಯನ್ನು ಕೊಂಚ ಹೊತ್ತು ನೋಡಿದರು. ಗಡ್ಡೆಗೆ ತಿಳುವಳಿಕೆ ಪತ್ರ ಕಳಿಸುವ ಕ್ರಮ ಅವರ ಸೇವಾವಧಿಯಲ್ಲಿ ಎಲ್ಲೂ ಬಂದಿರಲಿಲ್ಲ. "ನನಗೂ ಮನಸ್ಸಿದೆಯಮ್ಮ" ಎಂದರು ಮೆಲ್ಲಗೆ. "ನಿಯಮಕ್ಕಿಲ್ಲ."

"ನೋಡಿ ಸಾರ್, ನಾವ್ ಮನೆ ಕಟ್ಸಿದೋರು. ಗೃಹಪ್ರವೇಶಕ್ ಮುಂಚೆ ಹೊಸ ಮನೇಲಿ ಅಡುಗೆ ಮಾಡ್ಬಾರ್ದು, ಮಲಗ್ಬಾರ್ದು, ಎಲ್ಲಾ ಗೊತ್ತು. ಆದ್ರೆ ಹಾಲುಕ್ಸೋ ಹೊತ್ಗೆ ಸ್ಟವ್ ಹತ್ಲಿಲ್ಲ ಅಂದ್ರೆ ಬಂದೋರ್ ಮುಂದೆ ಮಾನ ಹೋಗಲ್ವಾ? ಅದಕ್ಕೇ ಹಿಂದಿನ್ ದಿನ ಒಂದ್ಸಲ ಹಚ್ಚಿ ನೋಡ್ತೀವಿ. ಅದೇನ್ ಅಡುಗೆ ಅಲ್ಲ. ಹಚ್ಚಿ ನೋಡೋದು ಅಷ್ಟೇ."

ಗುರುಬಸಪ್ಪನವರು ಪೆನ್ನು ಕೆಳಗಿಟ್ಟರು. "ಹಚ್ಚಿ ನೋಡೋದು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. "ಅಂದರೆ, ತಾಲೀಮು." ಮುಖದಲ್ಲಿ ಬೆಳಕು ಬಂತು. ಧ್ವಜಾರೋಹಣಕ್ಕೆ ತಾಲೀಮು ಇದೆ. ಪರೇಡಿಗೆ ತಾಲೀಮು ಇದೆ. ಅಸ್ತಿತ್ವದಲ್ಲಿಲ್ಲದ ವಸ್ತುವನ್ನು ಬಳಸಬಾರದೆಂದಿದೆಯೇ ಹೊರತು ತಾಲೀಮು ಮಾಡಬಾರದೆಂದು ಎಲ್ಲೂ ಇಲ್ಲ!

ಅಂದೇ ಸುತ್ತೋಲೆ ಹೊರಟಿತು: "ದೂರಕಿರಣ ಯೋಜನೆಯ ಉದ್ಘಾಟನಾಪೂರ್ವ ತಾಲೀಮಿಗಾಗಿ ಉತ್ತರಹಳ್ಳಿ ವಾಸಿ ಶ್ರೀ ತಿಮ್ಮರಾಯಪ್ಪ ಎಂಬವರನ್ನು ತಾಲೀಮು ರೋಗಿ ಎಂದು ಪರಿಗಣಿಸಲಾಗಿದೆ. ತಾಲೀಮಿನಲ್ಲಿ ಬಳಸುವ ಗಡ್ಡೆಯು ರೋಗಿಯ ಸ್ವಂತದ್ದಾಗಿರತಕ್ಕದ್ದು. ತಾಲೀಮಿನ ಅವಧಿಯಲ್ಲಿ ಸದರಿ ರೋಗಿಗೆ ಗುಣ ಕಂಡುಬಂದಲ್ಲಿ, ಅದನ್ನು ಗುಣವೆಂದು ಭಾವಿಸತಕ್ಕದ್ದಲ್ಲ."

"ನೋವು ಕಂಡುಬಂದ್ರೆ?" ಎಂದು ಅಂಜನಮ್ಮ ಕೇಳಿದರು.

"ಅದನ್ನು ನೋವೆಂದು ಭಾವಿಸಬಹುದು" ಎಂದು ಗುರುಬಸಪ್ಪನವರು ಉದಾರವಾಗಿ ಹೇಳಿದರು.

ದೂರಕಿರಣದ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿತ್ತು. ಅದನ್ನು ಕತ್ತರಿಸುವ ಅಧಿಕಾರ ಗಣ್ಯರಿಗೆ ಮಾತ್ರ ಇದ್ದದ್ದರಿಂದ ತಾಲೀಮಿಗೆ ಬಂದವರೆಲ್ಲ ಬಗ್ಗಿ ಒಳಗೆ ಹೋಗಬೇಕಾಗಿತ್ತು. ಯಂತ್ರ ನಡೆಸುವ ಪದ್ಮನಾಭನಗರದ ಹುಡುಗಿ ಇಂಚರಳಿಗೆ ಅದು ಅಭ್ಯಾಸವಾಗಿ, ರಿಬ್ಬನ್ ಇಲ್ಲದ ಬಾಗಿಲುಗಳಲ್ಲೂ ಬಗ್ಗಿ ಹೋಗುತ್ತಿದ್ದಳು. ಅವಳು ತಿಮ್ಮರಾಯಪ್ಪನವರನ್ನು ಮಲಗಿಸಿ, ಬಿಸಿ ನೀರಿನಲ್ಲಿ ಮೆತ್ತಗಾದ ಬಲೆಯಂಥ ಹಾಳೆಯನ್ನು ಮುಖ, ಕುತ್ತಿಗೆಗೆ ಒತ್ತಿ ಅಚ್ಚು ತೆಗೆದಳು. ಅದು ಗಟ್ಟಿಯಾಗಿ ಮುಖವಾಡವಾಯಿತು. ದಿನವೂ ಅದನ್ನೇ ತೊಡಿಸಿ ಮೇಜಿಗೆ ಬಿಗಿದರೆ ತಲೆ ಒಂದು ಚೂರೂ ಅಲ್ಲಾಡುವುದಿಲ್ಲ.

ಆಮೇಲೆ ಪರದೆಯ ಮೇಲೆ ಜಯನಗರದಿಂದ ಡಾಕ್ಟರ್ ಕಮಲಾದೇವಿ ಕಾಣಿಸಿಕೊಂಡರು. ನರೆತ ಕೂದಲು, ಎದುರಿಗೆ ಆರಿದ ಕಾಫಿ. ಸ್ಕ್ಯಾನಿನ ಚಿತ್ರದ ಮೇಲೆ ಅವರು ಅಲ್ಲಿ ಗೆರೆ ಎಳೆದರೆ ಇಲ್ಲಿ ಮೂಡುತ್ತಿತ್ತು. ಗಡ್ಡೆಯ ಸುತ್ತ ಒಂದು ಕೆಂಪು ಗೆರೆ, ಅದರಾಚೆ ಕೊಂಚ ಜಾಗ ಬಿಟ್ಟು ಇನ್ನೊಂದು ಗೆರೆ, ಬೆನ್ನುಹುರಿಗೆ ಬೇರೆ ಬಣ್ಣ.

ಹೊಲ ಲೇಔಟಾಗುವಾಗ ಸರ್ವೆಯವರ ಹಿಂದೆ ಅಲೆದಿದ್ದ ತಿಮ್ಮರಾಯಪ್ಪನವರು ಹೆಂಡತಿಯ ಕಿವಿಗೆ ಬಾಯಿಟ್ಟರು. ಅಂಜನಮ್ಮ ಪರದೆಯ ಕಡೆ ತಿರುಗಿ, "ಮೇಡಂ, ಆ ಎರಡನೇ ಗೆರೆ, ಮನೆ ಸುತ್ತ ಜಾಗ ಬಿಡ್ತಾರಲ್ಲ, ಆ ಸೆಟ್‌ಬ್ಯಾಕಾ ಅಂತ ಕೇಳ್ತಾವ್ರೆ" ಎಂದರು.

ಕಮಲಾದೇವಿ ಕನ್ನಡಕ ಏರಿಸಿ ನೋಡಿದರು. "ಹೂಂ, ಸೆಟ್‌ಬ್ಯಾಕೇ. ನುಂಗುವಾಗ ಗಂಟಲು ಅಲ್ಲಾಡುತ್ತಲ್ಲ, ಅದಕ್ಕೆ."

ತಿಮ್ಮರಾಯಪ್ಪನವರು ಮತ್ತೆ ಉಸುರಿದರು. "ಪಕ್ಕದೋರ್ ಜಾಗಕ್ಕೆ ನುಗ್ಗಲ್ವಂತಾ?" ಎಂದರು ಅಂಜನಮ್ಮ.

"ಬೆನ್ನುಹುರಿ ತಂಟೆಗೆ ಹೋಗಲ್ಲ ಅಂತ ಹೇಳಿ ಅವರಿಗೆ. ಬೆಂಗಳೂರಿನಲ್ಲಿ ಇಷ್ಟು ಸರಿಯಾಗಿ ಗಡಿ ನೋಡಿ ಯಾರೂ ಕಟ್ಟಲ್ಲ."

ತಾಲೀಮು ಶುರುವಾಯಿತು. ಶನಿವಾರ, ಭಾನುವಾರ ಬಿಟ್ಟು ದಿನವೂ ತಿಮ್ಮರಾಯಪ್ಪನವರು ಬರುವುದು, ರಿಬ್ಬನ್ ಕೆಳಗೆ ಬಗ್ಗುವುದು, ಮುಖವಾಡ ತೊಟ್ಟು ಮಲಗುವುದು. ಯಂತ್ರ ಸುತ್ತ ತಿರುಗಿ ಗುಂಯ್ ಎಂದು ನಿಲ್ಲುವುದು. ಕಾರಿಡಾರಿನಲ್ಲಿ ಯಾರೂ ಚಿಕಿತ್ಸೆ ಎಂಬ ಪದ ಬಳಸುವಂತಿರಲಿಲ್ಲ. "ತಾಲೀಮು ಆಯ್ತಾ ಅಂಕಲ್?" ಎಂದು ನರ್ಸುಗಳು ಕೇಳುತ್ತಿದ್ದರು. ಹೊರಗೆ ಕೂತ ಕೆಲವರು ಇವರು ಯಾವುದೋ ನಾಟಕದವರೆಂದುಕೊಂಡರು. ಈ ನಡುವೆ ಬೇರೆ ರೋಗಿಗಳೂ ತಾಲೀಮಿಗೆ ಅರ್ಜಿ ಹಾಕಿದರು. ಗುರುಬಸಪ್ಪನವರು ಸ್ವಂತ ಗಡ್ಡೆಯುಳ್ಳವರಿಗೆಲ್ಲ ಮಂಜೂರು ಮಾಡಿದರು.

ಮೂರನೆಯ ವಾರದ ಹೊತ್ತಿಗೆ ತಿಮ್ಮರಾಯಪ್ಪನವರ ಕುತ್ತಿಗೆಯ ಚರ್ಮ ಸೀದ ದೋಸೆಯ ಬಣ್ಣಕ್ಕೆ ತಿರುಗಿತು. ಮುದ್ದೆ ನುಂಗುವುದಿರಲಿ, ಉಗುಳು ನುಂಗಿದರೂ ಕಣ್ಣಲ್ಲಿ ನೀರು. ಅಂಜನಮ್ಮ ರಾಗಿ ಅಂಬಲಿಯನ್ನು ತಣ್ಣಗೆ ಮಾಡಿ ಫ್ಲಾಸ್ಕಿನಲ್ಲಿ ತರುತ್ತಿದ್ದರು. ಅದೂ ಅರ್ಧ ಉಳಿಯುತ್ತಿತ್ತು. ಮೈ ಇಳಿದು ಮುಖವಾಡ ಸಡಿಲವಾಯಿತು. ಒಂದು ಬೆಳಿಗ್ಗೆ ಇಂಚರ ಅದರೊಳಗೆ ಬೆರಳು ತೂರಿಸಿ ನೋಡಿ, ಯಂತ್ರ ಹಚ್ಚದೆ ಜಯನಗರಕ್ಕೆ ಕರೆ ಮಾಡಿದಳು.

"ತಲೆ ಅಲ್ಲಾಡುತ್ತಿದೆ ಮೇಡಂ."

"ಹಾಗಾದರೆ ಹೊಸ ಅಚ್ಚು ತೆಗಿ, ಸ್ಕ್ಯಾನ್ ಕಳಿಸು. ಇವತ್ತೇ ಹೊಸದಾಗಿ ಯೋಜನೆ ಮಾಡ್ತೀನಿ. ನಡುವೆ ದಿನ ತಪ್ಪಿಸಬಾರದು."

ಹೊಸ ಯೋಜನೆಗೆ ಗುರುಬಸಪ್ಪನವರ ಒಪ್ಪಿಗೆ ಬೇಕಿತ್ತು. ಅವರು ಸುತ್ತೋಲೆಯನ್ನು ಎರಡು ಸಲ ಓದಿ ಆಗದೆಂದು ತಲೆಯಾಡಿಸಿದರು. ತಾಲೀಮು ಎಂದರೆ ಒಂದು ಸಲ ಮಾಡಿ ನೋಡುವುದು. ತಾಲೀಮಿನ ನಡುವೆ ಬದಲಾವಣೆ ಮಾಡಿದರೆ ಅದು ಕೆಲಸವಾಗುತ್ತದೆ.

ಹೊರಗಿನ ಬೆಂಚಿನಲ್ಲಿ ತಿಮ್ಮರಾಯಪ್ಪನವರು ಮೊದಲ ಸಲ ಹೆದರಿದರು. ಹೊಲ ಹೋದಾಗಲೂ ಹೆದರಿದವರಲ್ಲ. ಹೆಂಡತಿಯ ಸೆರಗು ಹಿಡಿದು ಎಳೆದು, "ಅಂಜನಾ, ಇದು ನಿಜ್ವಾಗ್ಲೂ ಬರೀ ತಾಲೀಮಾಗಿದ್ರೆ?" ಎಂದರು. "ಒಳಗೆ ಏನೂ ಆಗ್ತಾನೇ ಇಲ್ದಿದ್ರೆ?"

ಅಂಜನಮ್ಮ ಅಂಬಲಿಯ ಲೋಟ ಹಿಡಿದುಕೊಂಡೇ ನಿಂತರು. ಅದನ್ನು ಕೇಳಿಸಿಕೊಂಡ ಇಂಚರ ಬಂದು ತಿಮ್ಮರಾಯಪ್ಪನವರ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ಅಂಕಲ್, ಕುತ್ತಿಗೆ ಉರೀತಿದ್ಯಾ?"

ಅವರು ಹೌದೆಂದು ತಲೆಯಾಡಿಸಿದರು.

"ಮತ್ತೆ? ಕಿರಣಕ್ಕೆ ಸುತ್ತೋಲೆ ಓದಕ್ ಬರಲ್ಲ ಅಂಕಲ್. ಅದರ ಪಾಡಿಗೆ ಅದು ಕೆಲ್ಸ ಮಾಡ್ತಿದೆ."

ತಿಮ್ಮರಾಯಪ್ಪನವರು ಅವಳ ಮುಖವನ್ನೇ ನೋಡಿದರು. ಆಮೇಲೆ ಲೋಟಕ್ಕೆ ಕೈ ಚಾಚಿ, ಕಣ್ಣು ಮುಚ್ಚಿ, ಅಂಬಲಿಯನ್ನು ಗುಟುಕು ಗುಟುಕಾಗಿ ತಳದ ತನಕ ಕುಡಿದರು.

ಲೋಟ ಖಾಲಿಯಾದ ಮೇಲೆ ಅಂಜನಮ್ಮ ಒಳಗೆ ಹೋಗಿ ಗುರುಬಸಪ್ಪನವರ ಮುಂದೆ ಕೂತರು. "ಸಾರ್, ಪರೇಡ್ ತಾಲೀಮಲ್ಲಿ ಹುಡುಗ್ರು ತಪ್ಪು ಹೆಜ್ಜೆ ಹಾಕಿದ್ರೆ ಮೇಷ್ಟ್ರು ಸುಮ್ನಿರ್ತಾರಾ?"

"ಇಲ್ಲ. ಮತ್ತೊಮ್ಮೆ ಮಾಡಿಸುತ್ತಾರೆ."

"ಅದೂ ತಾಲೀಮೇ ತಾನೆ?"

ಮಧ್ಯಾಹ್ನದ ಊಟಕ್ಕೆ ಮುಂಚೆ "ತಾಲೀಮಿನ ಮರುತಾಲೀಮಿಗೆ" ಮಂಜೂರಾತಿ ಬಂತು. ಸಂಜೆಗೆ ಹೊಸ ಯೋಜನೆ ಜಯನಗರದಿಂದ ಬಂದಿತ್ತು. ಕಮಲಾದೇವಿಯವರು ಅಂದು ಮನೆಗೆ ಊಟಕ್ಕೂ ಹೋಗಿರಲಿಲ್ಲ. ಅದನ್ನು ಯಾವ ಸುತ್ತೋಲೆಯಲ್ಲೂ ಹೇಳಿಲ್ಲ.

ತಾಲೀಮು ಮುಗಿಯಿತು. ಉರಿ ಇಳಿಯಿತು, ಚರ್ಮ ಸುಲಿದು ಹೊಸದು ಬಂತು. ಒಂದು ಬೆಳಿಗ್ಗೆ ಅಂಜನಮ್ಮ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕೆಳಗಿನಿಂದ "ಕಾಫಿ ಆಯ್ತೇನೇ?" ಎಂಬ ಕೂಗು ಕೇಳಿಸಿತು. ಬಟ್ಟೆ ಅಲ್ಲೇ ಬಿಟ್ಟು ಓಡಿ ಬಂದವರು ಕಾಫಿ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತರು. ನಳಿಕೆ ಇಳಿಸಿ ನೋಡಿದಾಗ ಗಡ್ಡೆ ಇದ್ದ ಜಾಗ ನುಣ್ಣಗಿತ್ತು. ಕಮಲಾದೇವಿ ಪರದೆಯಲ್ಲಿ ನಕ್ಕು, "ಸೈಟ್ ಖಾಲಿ ಆಗಿದೆ ತಿಮ್ಮರಾಯಪ್ಪನವರೇ" ಎಂದರು. "ಆದರೆ ಐದು ವರ್ಷ ತಪಾಸಣೆಗೆ ಬರ್ತಾ ಇರಬೇಕು. ಇದನ್ನು ಮರೆಯುವಂತಿಲ್ಲ."

ತೊಡಕು ಅಲ್ಲಿತ್ತು. ತಪಾಸಣೆಯ ಚೀಟಿ ರೋಗಿಗಳಿಗೆ ಮಾತ್ರ. ತಿಮ್ಮರಾಯಪ್ಪನವರು ರೋಗಿಯಾಗಿರಲೇ ಇಲ್ಲ. ತಾಲೀಮು ರೋಗಿಯಾಗಿದ್ದರು, ಈಗ ಅದೂ ಅಲ್ಲ.

"ಇದಕ್ಕೊಂದೇ ದಾರಿ" ಎಂದರು ಗುರುಬಸಪ್ಪನವರು. ಗಣ್ಯರ ದಿನಾಂಕ ಸಿಕ್ಕಿತ್ತು. ಬೇರೊಂದು ಕಡೆ ಅವರು ಮಾಡಬೇಕಿದ್ದ ಸೇತುವೆಯ ಉದ್ಘಾಟನೆ, ಸೇತುವೆಯೇ ಬಿರುಕು ಬಿಟ್ಟ ಕಾರಣದಿಂದ ಮುಂದೆ ಹೋಗಿತ್ತು. "ಉದ್ಘಾಟನೆಗೆ ಪ್ರಥಮ ರೋಗಿ ಬೇಕು. ನೀವೇ ಆಗಿ. ಪ್ರಥಮ ರೋಗಿ ಆದರೆ ತಪಾಸಣೆ ತಾನಾಗಿ ಬರುತ್ತೆ."

"ವಾಸಿಯಾದವರಿಗೆ ನಾನು ಕಿರಣ ಕೊಡಲ್ಲ" ಎಂದು ಕಮಲಾದೇವಿ ಪರದೆಯಿಂದಲೇ ಗುಡುಗಿದರು.

"ಕಿರಣ ಬೇಡ ಮೇಡಂ. ಗುಂಡಿ ಒತ್ತಿದಾಗ ಹಸಿರು ದೀಪ ಹತ್ತಿದರೆ ಸಾಕು. ಚಿಕಿತ್ಸೆಗೆ ಅಷ್ಟು ಸಾಲದೇ?"

ಕಮಲಾದೇವಿ ಯಂತ್ರದ ಬೀಗದಕೈ ಇಂಚರಳ ಜೇಬಿನಲ್ಲೇ ಇರಬೇಕೆಂಬ ಷರತ್ತಿನ ಮೇಲೆ ಒಪ್ಪಿದರು.

ಉದ್ಘಾಟನೆಯ ದಿನ ಶಾಮಿಯಾನ, ನಾದಸ್ವರ, ಉಪ್ಪಿಟ್ಟು, ಕೇಸರಿಬಾತು. ಇಷ್ಟು ದಿನ ಒಮ್ಮೆಯೂ ಕೈಕೊಡದ ಸಂಪರ್ಕ ಅಂದು ಬೆಳಿಗ್ಗೆ ನಿಂತಿತು. ಉದ್ಘಾಟನೆಯ ನೇರಪ್ರಸಾರಕ್ಕೆಂದು ಅದೇ ತಂತಿಯನ್ನು ಕಿತ್ತು ಬೇರೆ ಕಡೆ ಸಿಕ್ಕಿಸಿದ್ದರು. ದೂರದ ಡಾಕ್ಟರು ಪರದೆಯಲ್ಲಿ ಕಾಣದೆ ದೂರಕಿರಣ ಉದ್ಘಾಟನೆಯಾಗುವುದು ಹೇಗೆ? ಗುರುಬಸಪ್ಪನವರು ಧೃತಿಗೆಡಲಿಲ್ಲ. ಕಮಲಾದೇವಿಯವರನ್ನು ಆಟೋದಲ್ಲಿ ಜಯನಗರದಿಂದ ಕರೆಸಿ, ಪಕ್ಕದ ಹಾಸಿಗೆ ಬಟ್ಟೆಯ ಕೋಣೆಯಲ್ಲಿ ಕೂರಿಸಿ, ಹಿಂದೆ "ಜಯನಗರ" ಎಂಬ ಬ್ಯಾನರ್ ಕಟ್ಟಿ, ಎದುರಿಗೆ ಕ್ಯಾಮೆರಾ ಇಟ್ಟರು. ಅಲ್ಲಿಂದ ಇಲ್ಲಿಗೆ ಒಂದು ತಂತಿ ಎಳೆದರು.

"ದೂರದಿಂದ ಚಿಕಿತ್ಸೆ ಮಾಡೋಕೆ ನಾನು ಹತ್ತಿರ ಬರಬೇಕಾಯ್ತಲ್ಲ" ಎಂದರು ಕಮಲಾದೇವಿ, ತಲೆದಿಂಬುಗಳ ನಡುವೆ ಜಾಗ ಮಾಡಿಕೊಳ್ಳುತ್ತ.

"ಇವತ್ತೊಂದು ದಿನ ಮೇಡಂ."

ಗಣ್ಯರು ರಿಬ್ಬನ್ ಕತ್ತರಿಸಿ ಒಳಗೆ ಬಂದು, ಪರದೆ ನೋಡಿ ಬೆರಗಾದರು. "ತಂತ್ರಜ್ಞಾನದ ಪವಾಡದಿಂದ ಇವತ್ತು ಜಯನಗರ ಪಕ್ಕದ ಕೋಣೆಯಷ್ಟು ಹತ್ತಿರ ಬಂದುಬಿಟ್ಟಿದೆ" ಎಂದರು. ಇದು ಅಕ್ಷರಶಃ ನಿಜವಾದ್ದರಿಂದ ಯಾರೂ ತಿದ್ದಲಿಲ್ಲ. ಕಮಲಾದೇವಿಯವರು ಸೀನಿದ್ದು ಪರದೆಯಲ್ಲೂ ಗೋಡೆಯಲ್ಲೂ ಒಟ್ಟಿಗೇ ಕೇಳಿಸಿತು.

ತಿಮ್ಮರಾಯಪ್ಪನವರು ಮುಖವಾಡ ತೊಟ್ಟು ಮಲಗಿದ್ದರು. ಮೈಮೇಲೆ ಹಾರ. ಗಣ್ಯರು ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಚರ ಮುಖವಾಡ ತೆಗೆದಳು. ದೊಡ್ಡವರು ಎದುರಿಗೆ ನಿಂತಿರುವಾಗ ಸುಮ್ಮನೆ ಮಲಗಿರುವುದು ಮರ್ಯಾದೆಯಲ್ಲವೆಂದು ತಿಮ್ಮರಾಯಪ್ಪನವರು ಎದ್ದು ಕೂತು ಕೈಮುಗಿದು, "ನಮಸ್ಕಾರ ಸ್ವಾಮೀ!" ಎಂದರು. ಗಾಜಿನ ಕಿಟಕಿ ಝಣ್ ಎಂದಿತು. ಶಾಮಿಯಾನದಲ್ಲಿ ಕೇಸರಿಬಾತು ತಿನ್ನುತ್ತಿದ್ದವರು ಎದ್ದು ನಿಂತರು.

ಕ್ಷಣದ ಹಿಂದೆ ಗಂಟಲಿನ ಕ್ಯಾನ್ಸರ್ ರೋಗಿ ಎಂದು ಪರಿಚಯಿಸಲ್ಪಟ್ಟ ಮನುಷ್ಯ! ಕ್ಯಾಮೆರಾಗಳು ಎಲ್ಲವನ್ನೂ ಹಿಡಿದಿದ್ದವು. ಸಂಜೆಗೆ ಬಿಳೇಕಹಳ್ಳಿಯ ತನಕ ಎಲ್ಲರ ಮೊಬೈಲಿನಲ್ಲೂ ಅದೇ. ಮರುದಿನ ಗೇಟಿನಲ್ಲಿ ಜನವೋ ಜನ. ಎಲ್ಲರಿಗೂ ಬೇಕಾದದ್ದು ಒಂದೇ: ಉರಿ ಇಲ್ಲದ, ಚರ್ಮ ಕಪ್ಪಾಗದ, ಒಂದೇ ಸಲಕ್ಕೆ ವಾಸಿ ಮಾಡುವ ಆ ಗುಂಡಿ.

ಕಮಲಾದೇವಿ ಗಾಬರಿಯಿಂದ ಆಟೋ ಹತ್ತಿ ಬಂದರು. ಹಸಿರು ದೀಪಕ್ಕೆ ಗಡ್ಡೆ ಹೆದರುವುದಿಲ್ಲವೆಂದು ಗೇಟಿನಲ್ಲಿ ನಿಂತು ವಿವರಿಸಿದರು. ಯಾರೂ ಕೇಳಲಿಲ್ಲ. "ನಾವೇ ಕಣ್ಣಾರೆ ನೋಡಿದ್ವಲ್ಲ ಮೇಡಂ!" ಎಂದರು. ಕಮಲಾದೇವಿ ಆಡಳಿತಾಧಿಕಾರಿಯ ಕೋಣೆಗೆ ಬಂದು, ಅಂಜನಮ್ಮ ಕೂರುತ್ತಿದ್ದ ಅದೇ ಕುರ್ಚಿಯಲ್ಲಿ ಕೂತರು.

"ಗುರುಬಸಪ್ಪನವರೇ, ಆ ಗುಂಡಿ ಒತ್ತೋದು ಉದ್ಘಾಟನೆ ತಾನೆ? ತಾಲೀಮಿಲ್ಲದೆ ಉದ್ಘಾಟನೆ ಮಾಡಬಹುದಾ?"

"ಛೆ ಛೆ. ಸಭ್ಯತೆಯಲ್ಲ."

"ಹಾಗಂತ ಬರೆದು ಹೊರಡಿಸಿ."

ಆ ಸುತ್ತೋಲೆ ಇಂದಿಗೂ ಜಾರಿಯಲ್ಲಿದೆ. ದಯಾಬಿಂದುವಿಗೆ ಬರುವ ಪ್ರತಿ ರೋಗಿಗೂ ಮೊದಲು ತಾಲೀಮು; ಜಯನಗರದಿಂದ ಬಂದ ಯೋಜನೆಯ ಪ್ರಕಾರ, ವಾರಗಟ್ಟಲೆ, ಒಂದು ದಿನವೂ ತಪ್ಪಿಸದೆ. ತಪ್ಪಿಸಿದವರಿಗೆ ಗುಂಡಿ ಇಲ್ಲ. ಮೊದಲೆಲ್ಲ ಗಂಟಲು ಉರಿಯಿತೆಂದು ನಡುವೆಯೇ ಬಿಟ್ಟು ಓಡುತ್ತಿದ್ದವರು ಈಗ ಗುಂಡಿಯ ಆಸೆಗೆ ಹಲ್ಲು ಕಚ್ಚಿ ಮುಗಿಸುತ್ತಾರೆ. ಬಹಳ ಜನ ವಾಸಿಯಾಗುತ್ತಾರೆ. ನಿಯಮದಂತೆ ಅದನ್ನು ಗುಣವೆಂದು ಭಾವಿಸುವುದಿಲ್ಲ. ಕೊನೆಯ ದಿನ ಹಾರ, ಹಸಿರು ದೀಪ, ಚಪ್ಪಾಳೆ, ಅಧಿಕೃತ ಚಿಕಿತ್ಸೆ. ಬೇರೆ ಆಸ್ಪತ್ರೆಗಳವರೂ ಬಂದು ನೋಡಿ, ಫಲಿತಾಂಶ ಉತ್ತಮವಾಗಿದೆಯೆಂದು ತಾವೂ ಒಂದೊಂದು ಹಸಿರು ದೀಪ ಹಾಕಿಸಿಕೊಂಡಿದ್ದಾರೆ.

ದಿನವೂ ಗಣ್ಯರು ಎಲ್ಲಿ ಸಿಗುತ್ತಾರೆ? ಹಾಗಾಗಿ ತಿಮ್ಮರಾಯಪ್ಪನವರನ್ನೇ ಖಾಯಂ ಗಣ್ಯರೆಂದು ನೇಮಿಸಲಾಗಿದೆ. ಬಿಳಿ ಪಂಚೆ ಉಟ್ಟು, ಶಾಲು ಹೊದ್ದು, ತಮ್ಮ ತಪಾಸಣೆಯನ್ನೂ ಅದೇ ದಿನ ಮುಗಿಸಿಕೊಂಡು, ಅವರು ಬಂದು ಗುಂಡಿ ಒತ್ತಿ ಹೋಗುತ್ತಾರೆ.

ಮೊನ್ನೆ ಉತ್ತರಹಳ್ಳಿಯವರೇ ಆದ ಮುನಿಯಕ್ಕನ ಸರದಿ. ನಾಲಗೆಯ ಕ್ಯಾನ್ಸರಿಗೆ ತಾಲೀಮು ಮುಗಿಸಿ, ನೆಕ್ಕಿದರೆ ಉಪ್ಪು ಉಪ್ಪಾಗಿಯೇ ರುಚಿಸುವ ಹಂತಕ್ಕೆ ಬಂದಿದ್ದ ಹೆಂಗಸು. ಹಾರ ಹಾಕಿಕೊಂಡು ಮೇಜಿನ ಮೇಲೆ ಮಲಗಿದವಳಿಗೆ ಯಾಕೋ ಅನುಮಾನ ಬಂತು. ಗುಂಡಿಗೆ ಕೈ ಚಾಚಿದ್ದ ತಿಮ್ಮರಾಯಪ್ಪನವರನ್ನು ತಡೆದು, "ಅಣ್ಣ, ಒಂದ್ ನಿಮಿಷ. ಇದು ನಿಜವಾದ ಚಿಕಿತ್ಸೇನಾ?" ಎಂದು ಕೇಳಿದಳು.

ತಿಮ್ಮರಾಯಪ್ಪನವರು ಬಾಗಿಲಲ್ಲಿ ನಿಂತಿದ್ದ ಗುರುಬಸಪ್ಪನವರ ಕಡೆ ನೋಡಿ, ತಮ್ಮ ದೊಡ್ಡ ಗಂಟಲನ್ನು ಆದಷ್ಟು ತಗ್ಗಿಸಿದರು.

"ನಿಜವಾದದ್ದು ಆಗ್ಲೇ ಮುಗ್ದೋಯ್ತಮ್ಮ. ಇದು ಅಧಿಕೃತವಾದದ್ದು."

"ಹಂಗಾದ್ರೆ ಸರಿ" ಎಂದು ಮುನಿಯಕ್ಕ ನೆಮ್ಮದಿಯಿಂದ ಕಣ್ಣು ಮುಚ್ಚಿದಳು.